ಅಪೊಲೊ-8ರ ಚಿತ್ರವೂ ಧ್ವನಿಯೂ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಣ್ಣಿಗೆ ಕಂಡದ್ದಕ್ಕೂ ಇನ್ನೊಂದು ಆಧಾರ ಬೇಕೆಂಬುದು ಈ ಮಾತಿನ ತಾತ್ಪರ್ಯ. ಇತಿಹಾಸ ಬರೆಯುವವರಿಗಂತೂ ಇದು ನಿತ್ಯದ ಪಾಠ. ಇದಕ್ಕೆ ಒಂದು ಒಳ್ಳೆಯ ನಿದರ್ಶನ ಚಂದ್ರನ ಬಳಿಯಿಂದ ಬಂದಿದೆ. ಚಂದ್ರನ ಬೋಳು ನೆಲದ ಅಂಚಿನಾಚೆ, ಕಪ್ಪು ಆಕಾಶದಲ್ಲಿ, ನೀಲಿ ಭೂಮಿ ಮೂಡುತ್ತಿರುವ ಚಿತ್ರವನ್ನು ನೋಡದವರು ಕಡಿಮೆ. ಆದರೆ ಅದನ್ನು ತೆಗೆದವರು ಯಾರೆಂಬುದು ಬಹಳ ವರ್ಷಗಳವರೆಗೆ ಚರ್ಚೆಯಲ್ಲಿತ್ತು. ಕಡೆಗೆ ಆ ಗಂಟನ್ನು ಬಿಡಿಸಿದ್ದು ಒಂದು ಹಳೆಯ ಧ್ವನಿಮುದ್ರಣ.

ಅಪೊಲೊ-8 ಎಂಬ ನೌಕೆ ಅಮೇರಿಕೆಯ ಫ್ಲೋರಿಡಾದಿಂದ ಹೊರಟದ್ದು 1968ರ ಡಿಸೆಂಬರ್ 21ರಂದು. ನಮ್ಮ ಗಡಿಯಾರದಲ್ಲಿ ಆಗ ಸಂಜೆ 6 ಗಂಟೆ 21 ನಿಮಿಷ. ಫ್ರಾಂಕ್ ಬೋರ್ಮನ್ ನಾಯಕರು. ಜೇಮ್ಸ್ ಲೊವೆಲ್, ವಿಲಿಯಂ ಆಂಡರ್ಸ್ ಜೊತೆಗಾರರು. ಭೂಮಿಯ ಸೆರಗನ್ನು ಬಿಟ್ಟು ಚಂದ್ರನವರೆಗೆ ಹೋದ ಮೊದಲ ಮನುಷ್ಯರು ಈ ಮೂವರು. ಇವರು ಚಂದ್ರನ ಮೇಲೆ ಇಳಿಯಲಿಲ್ಲ. ಡಿಸೆಂಬರ್ 24ರಂದು ಚಂದ್ರನ ಕಕ್ಷೆಯನ್ನು ಸೇರಿ, ಸುಮಾರು 112 ಕಿಲೋಮೀಟರ್ ಎತ್ತರದಲ್ಲಿ 20 ಗಂಟೆಗಳಲ್ಲಿ 10 ಸುತ್ತು ಸುತ್ತಿ, 27ರಂದು ಪೆಸಿಫಿಕ್ ಮಹಾಸಾಗರದಲ್ಲಿ ಬಂದಿಳಿದರು.

ಆ 24ರ ಸಂಜೆ, ಅಮಾವಾಸ್ಯೆಯಾಗಿ ಐದು ದಿನಗಳಾಗಿದ್ದವು. ಲೋಕಾಪುರದ ಪಡುವಣ ಬಾನಿನಲ್ಲಿಯೂ ಅದೇ ಎಳೆಯ ಚಂದ್ರನಿದ್ದನು. ಲೋಕಾಪುರ ಆಗ ಮೈಸೂರು ರಾಜ್ಯದ ವಿಜಾಪುರ ಜಿಲ್ಲೆಯ ಊರು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ರಾಜ್ಯದಲ್ಲಿ ಟೆಲಿವಿಜನ್ ಕೇಂದ್ರವೇ ಇರಲಿಲ್ಲ. ದೇಶಕ್ಕೆಲ್ಲ ಇದ್ದದ್ದು ದಿಲ್ಲಿಯದೊಂದೇ. ಬೆಂಗಳೂರಿಗೆ ಅದು ಬಂದದ್ದು 1981ರಲ್ಲಿ. ಮುಧೋಳ, ಜಮಖಂಡಿ, ಬನಹಟ್ಟಿಗಳ ಮನೆಗಳಿಗೆ ಚಂದ್ರಯಾತ್ರೆಯ ಸುದ್ದಿ ಬರಬೇಕಾದರೆ ರೇಡಿಯೋ ಮತ್ತು ಪತ್ರಿಕೆಗಳೇ ದಾರಿ. ಅಂದರೆ ನಮ್ಮ ಕಡೆಯವರಿಗೆ ಈ ಯಾತ್ರೆ ಮೊದಲು ಕಿವಿಯ ಅನುಭವ, ಆಮೇಲೆ ಕಣ್ಣಿನದು.

ಇನ್ನು ಯಾತ್ರಿಕರ ಮಾತು ಭೂಮಿಗೆ ಹೇಗೆ ಮುಟ್ಟುತ್ತಿತ್ತೆಂಬುದನ್ನು ನೋಡೋಣ. ಚಂದ್ರ ನಮ್ಮಿಂದ ಸುಮಾರು 3,84,000 ಕಿಲೋಮೀಟರ್ ದೂರ. ರೇಡಿಯೋ ಅಲೆಗೆ ಈ ದಾರಿ ಕ್ರಮಿಸಲು ಸುಮಾರು 1.3 ಸೆಕೆಂಡು ಬೇಕು. ಭೂಮಿ ತಿರುಗುತ್ತಿರುವದರಿಂದ ಒಂದೇ ಊರಿನ ಆಂಟೆನಾ ಸಾಲದು. ಕ್ಯಾಲಿಫೋರ್ನಿಯಾ, ಸ್ಪೇನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ದೊಡ್ಡ ಆಂಟೆನಾಗಳು ಸರದಿಯಿಂದ ಆಲಿಸುತ್ತಿದ್ದವು. ಆದರೆ ನೌಕೆ ಚಂದ್ರನ ಹಿಂಬದಿಗೆ ಸರಿದಾಗ, ಪ್ರತಿ ಸುತ್ತಿಗೂ ಸುಮಾರು 45 ನಿಮಿಷ, ಯಾವ ಆಂಟೆನಾಕ್ಕೂ ಏನೂ ಕೇಳಿಸುತ್ತಿರಲಿಲ್ಲ. ಇದಕ್ಕೆಂದೇ ನೌಕೆಯಲ್ಲಿ ಒಂದು ಟೇಪ್ ಯಂತ್ರವಿತ್ತು. ಯಾತ್ರಿಕರು ತಮ್ಮತಮ್ಮಲ್ಲಿ ಆಡಿದ ಮಾತುಗಳನ್ನು ಅದು ಹಿಡಿದಿಡುವದು. ನೌಕೆ ಮತ್ತೆ ಭೂಮಿಗೆ ಎದುರಾದ ಮೇಲೆ ಆ ಟೇಪನ್ನು ನುಡಿಸಿ ಕೆಳಗೆ ಕಳಿಸಲಾಗುವದು.

ನಾಲ್ಕನೆಯ ಸುತ್ತಿನ ಹೊತ್ತು. ನಮ್ಮಲ್ಲಿ ರಾತ್ರಿ 10 ಗಂಟೆ ದಾಟಿತ್ತು. ಬೋರ್ಮನ್ನರು ನೌಕೆಯನ್ನು ಮೆಲ್ಲಗೆ ಹೊರಳಿಸುತ್ತಿದ್ದರು. ಚಂದ್ರನ ನೆಲದ ಚಿತ್ರ ತೆಗೆಯುತ್ತಿದ್ದ ಆಂಡರ್ಸರ ಕಿಟಕಿಗೆ ಒಮ್ಮೆಲೇ ಭೂಮಿ ಬಂದಿತು. ಅವರು ಬೆರಗಾಗಿ ಕೂಗಿದ್ದು ಟೇಪಿನಲ್ಲಿದೆ. ‘ತೆಗೆಯಬೇಡಪ್ಪಾ, ಅದು ನಮ್ಮ ಕಾರ್ಯಕ್ರಮದಲ್ಲಿಲ್ಲ’ ಎಂಬರ್ಥದಲ್ಲಿ ಬೋರ್ಮನ್ನರು ಚೇಷ್ಟೆ ಮಾಡಿದ್ದೂ ಇದೆ. ಆಂಡರ್ಸರು ಮೊದಲು ಕಪ್ಪುಬಿಳುಪಿನಲ್ಲಿ ಒಂದು ಚಿತ್ರ ತೆಗೆದು, ಬಣ್ಣದ ಫಿಲ್ಮು ಬೇಗ ಕೊಡಿರೆಂದು ಲೊವೆಲ್ಲರನ್ನು ಅವಸರಪಡಿಸಿದರು. ಅಷ್ಟರಲ್ಲಿ ಭೂಮಿ ಆ ಕಿಟಕಿಯಿಂದ ಸರಿದು ಇನ್ನೊಂದರಲ್ಲಿ ಕಾಣಿಸಿತು. ಆಗ ತೆಗೆದದ್ದೇ ಲೋಕವೆಲ್ಲ ಬಲ್ಲ ಬಣ್ಣದ ಚಿತ್ರ.

ಮುಂದೆ ನೆನಪುಗಳು ಬೇರೆಬೇರೆಯಾದವು. ಚಿತ್ರ ತೆಗೆದವರು ತಾವೆಂದು ಬೋರ್ಮನ್ನರು ಎಷ್ಟೋ ವರ್ಷ ಹೇಳುತ್ತ ಬಂದರು. ತಾವೆಂದು ಆಂಡರ್ಸರೂ ಹೇಳುತ್ತಿದ್ದರು. ಇದರಲ್ಲಿ ಯಾರ ಕಪಟವೂ ಇರಲಿಲ್ಲ. ಒಂದೇ ಘಟನೆಯನ್ನು ಇಬ್ಬರು ಅಣ್ಣತಮ್ಮಂದಿರು ಎರಡು ಬಗೆಯಾಗಿ ಹೇಳುವದನ್ನು ನಾವು ಮನೆಯಲ್ಲೇ ಕೇಳುತ್ತೇವಲ್ಲವೇ? ಚಿತ್ರವನ್ನು ಎಷ್ಟು ನೋಡಿದರೂ ಕ್ಯಾಮರಾದ ಹಿಂದೆ ಯಾರಿದ್ದರೆಂದು ಅದು ಹೇಳಲಾರದು. ಆಂಡ್ರೂ ಚೈಕಿನ್ ಎಂಬ ಲೇಖಕರು ಟೇಪಿನ ಮಾತುಗಳನ್ನು ಪರಿಶೀಲಿಸಿ, ಆಂಡರ್ಸರ ಕಡೆಗೇ ನಿರ್ಣಯ ಕೊಟ್ಟರು. 2013ರಲ್ಲಿ ನಾಸಾ ಸಂಸ್ಥೆಯ ಅರ್ನಿ ರೈಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ಕಿಟಕಿಯಲ್ಲಿ ಕಟ್ಟಿಟ್ಟಿದ್ದ ಇನ್ನೊಂದು ಕ್ಯಾಮರಾ 20 ಸೆಕೆಂಡಿಗೊಮ್ಮೆ ತನ್ನಷ್ಟಕ್ಕೆ ಚಿತ್ರ ತೆಗೆಯುತ್ತಿತ್ತು. ಆ ಚಿತ್ರಗಳನ್ನು, 2009ರಲ್ಲಿ ಹಾರಿದ ಉಪಗ್ರಹವೊಂದು ಅಳೆದ ಚಂದ್ರನ ಏರುತಗ್ಗುಗಳೊಡನೆ ಕೂಡಿಸಿ, ಯಾವ ಕ್ಷಣಕ್ಕೆ ಯಾವ ಕಿಟಕಿಯಿಂದ ಭೂಮಿ ಕಾಣಿಸುತ್ತಿತ್ತೆಂದು ಗಣಿತ ಹಾಕಿದರು. ಟೇಪಿನ ಮಾತುಗಳು ಅದಕ್ಕೆ ತಾಳೆ ಬಿದ್ದವು. ಕಪ್ಪುಬಿಳುಪಿನದೂ ಬಣ್ಣದವೂ ಆಂಡರ್ಸರವೇ ಎಂದು ಸಿದ್ಧವಾಯಿತು. ಬೋರ್ಮನ್ 2023ರಲ್ಲಿ, ಆಂಡರ್ಸ್ 2024ರಲ್ಲಿ, ಲೊವೆಲ್ 2025ರಲ್ಲಿ ತೀರಿಕೊಂಡರು. ಇನ್ನು ಕೇಳಿ ತಿಳಿಯುವದಕ್ಕೆ ಯಾರೂ ಉಳಿದಿಲ್ಲ. ಆ ಟೇಪು ಉಳಿದಿದೆ.

ಎಲ್ಲ ಟೇಪುಗಳಿಗೂ ಈ ಭಾಗ್ಯವಿರಲಿಲ್ಲ. 1969ರ ಜುಲೈ 21ರಂದು, ನಮ್ಮ ಕಾಲಮಾನದಂತೆ ಬೆಳಿಗ್ಗೆ 8 ಗಂಟೆ 26 ನಿಮಿಷಕ್ಕೆ, ಅಪೊಲೊ-11ರ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟರು. ಅಲ್ಲಿಂದ ಬಂದ ಟೆಲಿವಿಜನ್ ಚಿತ್ರ ಸೆಕೆಂಡಿಗೆ 10 ಚೌಕಟ್ಟಿನದು. ಸಾಮಾನ್ಯ ಟೆಲಿವಿಜನ್ನಿಗೆ ಹೊಂದುವಂತೆ ಅದನ್ನು ಮಾರ್ಪಡಿಸಿ ಬಿತ್ತರಿಸುವಾಗ ಅದರ ಸ್ಪಷ್ಟತೆ ಬಹಳ ಕುಗ್ಗಿತು. ಮಾರ್ಪಡಿಸದ ಮೂಲ ಚಿತ್ರವಿದ್ದ ಟೇಪುಗಳನ್ನು ಮುಂದೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಟೇಪಿನ ಅಭಾವವಿದ್ದ ಕಾಲದಲ್ಲಿ ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕೆಂದು ನಾಸಾ 2009ರಲ್ಲಿ ಹೇಳಿತು. ಅಮೇರಿಕೆ, ಆಸ್ಟ್ರೇಲಿಯಾಗಳಲ್ಲಿ ಉಳಿದಿದ್ದ ಪ್ರಸಾರದ ಪ್ರತಿಗಳಿಂದಲೇ ಆ ಚಿತ್ರವನ್ನು ಸರಿಪಡಿಸಬೇಕಾಯಿತು.

ಧ್ವನಿಯ ಕತೆ ಇದಕ್ಕಿಂತ ಸಮಾಧಾನಕರ. ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದಲ್ಲಿ ಕೂತವರ ಮಾತುಗಳು 30 ಪಟ್ಟಿಗಳ ಟೇಪುಗಳಲ್ಲಿ ಉಳಿದಿದ್ದವು. ಅವನ್ನು ನುಡಿಸಬಲ್ಲ ಹಳೆಯ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಪಟ್ಟಿಯನ್ನು ಓದುವದು ಸಾಧ್ಯವಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ವಿಭಾಗದವರು 30 ಪಟ್ಟಿಗಳನ್ನೂ ಒಮ್ಮೆಗೇ ಓದುವ ವ್ಯವಸ್ಥೆ ಮಾಡಿ, 19,000 ಗಂಟೆಗಳ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿದರು. ಹಗಲಿರುಳು ಬಿಡದೆ ಕೇಳಿದರೂ ಅದು ಎರಡು ವರ್ಷ ಮೀರುವಷ್ಟು ಮಾತು.

ಪ್ರತಿ ಮಾಡಿದ್ದು ಉಳಿಯುವದೆಂಬ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಲೋಕಾಪುರಕ್ಕೆ ಹತ್ತಿರದ ಮುಧೋಳ ರನ್ನನ ಹುಟ್ಟೂರು. ಹತ್ತನೆಯ ಶತಮಾನದ ಆ ಕವಿಯ ಸ್ವಂತ ಕೈಯ ಓಲೆ ಎಲ್ಲಿಯೂ ಇಲ್ಲ. ಹೆಸರು ತಿಳಿಯದ ಎಷ್ಟೋ ಲಿಪಿಕಾರರು ಓಲೆ ನೋಡಿ ಓಲೆ ಬರೆದದ್ದರಿಂದ ಅವನ ಕಾವ್ಯ ನಮ್ಮ ಕೈಸೇರಿದೆ. ಇಂದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ, 32 ಮೀಟರ್ ಅಗಲದ ಆಂಟೆನಾದ ನೆರೆಯಲ್ಲಿಯೇ, ನಮ್ಮ ಚಂದ್ರಯಾನಗಳು ಕಳಿಸಿದ ಮಾಹಿತಿಯನ್ನು ಕಾಪಾಡುವ ಭಂಡಾರವಿದೆ. ಲಿಪಿಕಾರರ ಕೆಲಸವನ್ನೇ ಅಲ್ಲಿ ಯಂತ್ರಗಳು ಮಾಡುತ್ತಿವೆ.

ಆ ಕೆಲಸಕ್ಕೆ ನಮ್ಮ ಮನೆಗಳಲ್ಲಿಯೂ ಅವಕಾಶವಿದೆ. ಅಜ್ಜಿ ಹಾಡಿದ ಬೀಸುವ ಪದಗಳು, ಊರಿನ ಶ್ರೀಕೃಷ್ಣ ಪಾರಿಜಾತದ ಆಟ, ತಂದೆಯ ಎರಡು ಮಾತು, ಇಂಥ ಕ್ಯಾಸೆಟ್ಟುಗಳು ಅನೇಕರ ಕಪಾಟಿನಲ್ಲಿರುವವು. ಅವನ್ನು ಅಳಿಸುವ ಮೊದಲು ಒಮ್ಮೆ ಕೇಳಿರಿ. ಹಾಡಿದವರು ಯಾರು, ಊರು ಯಾವದು, ದಿನ ಯಾವದು ಎಂದು ಮೇಲೆ ಬರೆದಿಡಿರಿ. ಸಾಧ್ಯವಾದರೆ ಇನ್ನೊಂದು ಪ್ರತಿ ಮಾಡಿ ಬೇರೆ ಮನೆಯಲ್ಲಿಡಿರಿ. ಮೊಮ್ಮಕ್ಕಳು ಅದರಲ್ಲಿ ಏನನ್ನು ಹುಡುಕಿಯಾರೆಂದು ನಾವು ಇಂದು ಹೇಳಲಾರೆವು. ಅಪೊಲೊ-8ರ ಟೇಪು ಮುಂದೆ ಇಂಥ ಸಾಕ್ಷಿ ನುಡಿದೀತೆಂದು ಆ ದಿನ ಯಾರಿಗೂ ಗೊತ್ತಿರಲಿಲ್ಲ.