ಮಳೆಗೂ ಒಂದು ಲೆಕ್ಕ

ಕೃಷಿ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಗೋಕಾಕದ ಕಡೆಗೆ ಹೋಗಿದ್ದೆವು. ಗೋವಿನಜೋಳದ ಹೊಲದ ಬದುವಿನಲ್ಲಿ ಹಿರಿಯ ರೈತರೊಬ್ಬರು ಕೇಳಿದರು: "ಮುಂಗಾರಿ ಬೆಳಿ ವಿಮಾಕ್ಕ ನೂರಕ್ಕ ಎರಡು ರೂಪಾಯಿ ತಗೋತಾರ. ಈ ಲೆಕ್ಕಾ ಹಾಕಾವ್ರು ಯಾರ್ರೀ ಸರ?" ಬಿ.ಎಸ್‌ಸಿ.ಯಲ್ಲಿ ಗಣಿತ ಓದಿದ ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಈ ಲೆಕ್ಕ ಹಾಕುವವರಿಗೆ ಆಕ್ಚುಯರಿ ಎಂದು ಹೆಸರು. ಸಾವು, ಬೆಂಕಿ, ಬರ ಯಾರ ಮನೆಗೆ ಎಂದು ಬರುತ್ತದೆಂದು ಯಾರೂ ಹೇಳಲಾರರು. ಆದರೆ ಸಾವಿರಾರು ಜನರನ್ನು, ಹತ್ತಾರು ವರ್ಷಗಳನ್ನು ಒಟ್ಟಿಗೆ ನೋಡಿದಾಗ ಅದಕ್ಕೊಂದು ಅಂದಾಜು ಸಿಗುತ್ತದೆ. ವಿಮೆ ನಿಂತಿರುವುದು ಆ ಅಂದಾಜಿನ ಮೇಲೆ.

ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆ ಆರಂಭಿಸಿದ್ದು 1891ರಲ್ಲಿ. ಆಗ ಗೋಕಾಕ, ಹುಕ್ಕೇರಿ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ಏಕೀಕರಣದ ನಂತರ ಮೈಸೂರಿನ ಆ ವಿಮೆ ಇಲ್ಲಿನ ಸರಕಾರಿ ನೌಕರರಿಗೂ ಬಂತು. ಇಂದು ಅದನ್ನು ಕೆ.ಜಿ.ಐ.ಡಿ. ಎನ್ನುತ್ತೇವೆ.

ಮನುಷ್ಯನ ಆಯುಸ್ಸಿಗೆ ಲೆಕ್ಕವಿದ್ದರೆ ಮಳೆಗೆ ಏಕಿರಬಾರದು? ಮೈಸೂರಿನಲ್ಲಿ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿ 1920ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿ ಇದಕ್ಕೆ ಉತ್ತರ ಕೊಟ್ಟರು. ಒಬ್ಬೊಬ್ಬರ ಹೊಲ ಅಳೆಯುವುದು ಬೇಡ. ಒಂದು ಪ್ರದೇಶದ ಮಳೆ ನಿಗದಿತ ಮಟ್ಟಕ್ಕಿಂತ ಕಡಿಮೆಯಾದರೆ ಅಲ್ಲಿನ ವಿಮಾದಾರರಿಗೆಲ್ಲ ಪರಿಹಾರ ಸಿಗಲಿ ಎಂಬುದು ಅವರ ಯೋಜನೆ. ಅಂದು ಅದು ಜಾರಿಗೆ ಬರಲಿಲ್ಲ. 2007ರ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರಯೋಗ ನಡೆದದ್ದು ನಮ್ಮ ಕರ್ನಾಟಕದಲ್ಲೇ!

ಪ್ರದೇಶ ಎಷ್ಟು ದೊಡ್ಡದಿರಬೇಕು ಎಂಬುದೇ ಇಲ್ಲಿನ ಕಗ್ಗಂಟು. ಸಹ್ಯಾದ್ರಿಗೆ ಹತ್ತಿರದ ಹುಕ್ಕೇರಿಯ ಪಡುವಣ ಹಳ್ಳಿಗಳಲ್ಲಿ ಸುರಿದ ಮಳೆ, ಮೂಡಣದ ಮೂಡಲಗಿಯಲ್ಲಿ ಸುರಿಯಬೇಕೆಂದಿಲ್ಲ. ಮೂರೂ ತಾಲ್ಲೂಕಿಗೆ ಒಂದೇ ಅಳತೆ ಹಿಡಿದರೆ ಯಾರಿಗೋ ಅನ್ಯಾಯ ತಪ್ಪದು.

ಇಷ್ಟು ಹೊಣೆಯ ಕೆಲಸಕ್ಕೆ ಅರ್ಹತೆ ಬೇಡವೇ? ಜೀವವಿಮೆಯ ದರಪಟ್ಟಿಯನ್ನು ಆಕ್ಚುಯರಿಯೇ ಪ್ರಮಾಣೀಕರಿಸಬೇಕೆಂದು 1912ರ ಕಾಯಿದೆ ವಿಧಿಸಿತು. ಬಹುಕಾಲ ನಮ್ಮವರು ಲಂಡನ್ನಿನ ಸಂಸ್ಥೆಯ ಪರೀಕ್ಷೆಗಳನ್ನೇ ಬರೆಯಬೇಕಿತ್ತು. 1944ರಲ್ಲಿ ಭಾರತದ ಆಕ್ಚುಯರಿಗಳು ತಮ್ಮದೇ ಸಂಘ ಕಟ್ಟಿಕೊಂಡರು. 2006ರ ಕಾಯಿದೆಯಿಂದ ಅದು ಶಾಸನಬದ್ಧ ಸಂಸ್ಥೆಯಾಯಿತು. ಹೆಸರು, ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ, ಕಚೇರಿ ನವಿ ಮುಂಬಯಿಯಲ್ಲಿ.

ಪಿ.ಯು.ಸಿ. ಮುಗಿಸಿದವರು ಪ್ರವೇಶ ಪರೀಕ್ಷೆಗೆ ಕೂರಬಹುದು. ಗಣಿತ, ಸಂಖ್ಯಾಶಾಸ್ತ್ರ, ಇಂಗ್ಲಿಷ್, ತರ್ಕ ಅದರಲ್ಲಿರುತ್ತವೆ. ತೇರ್ಗಡೆಯಾದವರು ವಿದ್ಯಾರ್ಥಿ ಸದಸ್ಯರಾಗಿ, ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ ಅಸೋಸಿಯೇಟ್ ಆಗುತ್ತಾರೆ. ಇನ್ನೂ ಕಠಿಣ ವಿಷಯಗಳನ್ನೂ ಕೆಲಸದ ಅನುಭವವನ್ನೂ ಗಳಿಸಿ ಫೆಲೋ ಆಗುತ್ತಾರೆ. ನೌಕರಿಯಲ್ಲಿದ್ದೇ ವರ್ಷಗಟ್ಟಲೆ ಓದುವವರೇ ಹೆಚ್ಚು.

ಆ ಹಿರಿಯರಿಗೆ ಈಗ ಉತ್ತರ ಹೇಳಬಲ್ಲೆ. ನೀವು ಕೊಡುವ ಎರಡು ರೂಪಾಯಿ ಸರಕಾರ ಗೊತ್ತುಮಾಡಿದ ಮಿತಿ. ಆಕ್ಚುಯರಿಯ ಲೆಕ್ಕದಿಂದ ಬರುವ ಪೂರ್ತಿ ದರ ಅದಕ್ಕಿಂತ ಹೆಚ್ಚಾದರೆ, ಉಳಿದದ್ದನ್ನು ಕೇಂದ್ರ, ರಾಜ್ಯ ಸರಕಾರಗಳು ಭರಿಸುತ್ತವೆ. ಆ ಲೆಕ್ಕದ ಮೇಜಿಗೆ, ಘಟಪ್ರಭೆಯ ದಂಡೆಯ ಮಳೆಯನ್ನು ಕಣ್ಣಾರೆ ಕಂಡು ಬೆಳೆದ ನಿಮ್ಮ ಮೊಮ್ಮಗಳೂ ಕೂರಬಹುದು. ಅಂಥದೊಂದು ದಾರಿಯಿದೆ ಎಂದು ಆಕೆಗೆ ಯಾರಾದರೂ ಹೇಳಬೇಕಷ್ಟೆ.