ಒಂದೇ ಹುರಿಯ ಚರಿತ್ರೆ

ಚೀನಾದ ಅಲಂಕಾರದ ಗಂಟುಗಳ ಚರಿತ್ರೆ ಬರೆಯಹೊರಟವರಿಗೆ ಮೊದಲ ತೊಡಕು ಹುರಿಯೇ. ರೇಷ್ಮೆ, ಹತ್ತಿ, ನಾರು ಯಾವುದೂ ಮಣ್ಣಿನಲ್ಲಿ ಸಾಮಾನ್ಯವಾಗಿ ಬಹುಕಾಲ ಬಾಳುವುದಿಲ್ಲ. ಹಾಗಾಗಿ ಈ ಕಲೆಯ ಹಳೆಯ ಸಾಕ್ಷ್ಯಗಳೆಲ್ಲ ಬೇರೆ ಕಲೆಗಳಲ್ಲಿ ಅಡಗಿವೆ. ಬೀಜಿಂಗ್ ಬಳಿಯ ಜೌಕೌಡಿಯನ್ ಗುಹೆಯಲ್ಲಿ ಸಿಕ್ಕಿದ ಹತ್ತಾರು ಸಾವಿರ ವರ್ಷ ಹಳೆಯ ಮೂಳೆಯ ಸೂಜಿಗೆ ಕಣ್ಣಿದೆ, ದಾರವಿಲ್ಲ. ಅಕ್ಷರ ಬರುವ ಮುನ್ನ ಗಂಟು ಹಾಕಿ ಆಡಳಿತ ನಡೆಸುತ್ತಿದ್ದರೆಂದು ಯಿಜಿಂಗ್ ಗ್ರಂಥದ ವ್ಯಾಖ್ಯಾನವೊಂದು ಹೇಳುತ್ತದೆ. ಆ ಗಂಟುಗಳು ಹೇಗಿದ್ದವೆಂದು ತಿಳಿಸಲು ಒಂದೂ ಉಳಿದಿಲ್ಲ.

ಕಣ್ಣಿಗೆ ಕಾಣುವ ಸುಳಿವು ಸಿಗುವುದು ಯುದ್ಧನಿರತ ರಾಜ್ಯಗಳ ಕಾಲದ ಕಂಚಿನ ಹೂಜಿಗಳಲ್ಲಿ. ಅವುಗಳ ಮೈಮೇಲೆ ಹಗ್ಗ ಬಿಗಿದು ಗಂಟು ಹಾಕಿದಂಥ ಉಬ್ಬುಚಿತ್ರವಿದೆ. 1972ರಲ್ಲಿ ಚಾಂಗ್‌ಶಾದ ಮವಾಂಗ್‌ಡುಯಿಯಲ್ಲಿ ಹಾನ್ ಕಾಲದ ಶ್ರೀಮಂತ ಮಹಿಳೆಯೊಬ್ಬಳ ಸಮಾಧಿಯನ್ನು ಅಗೆದಾಗ ದೊರೆತ ರೇಷ್ಮೆಯ ಪಟದಲ್ಲಿ ಎರಡು ಡ್ರ್ಯಾಗನ್‌ಗಳು ದುಂಡನೆಯ ಜೇಡ್ ಬಿಲ್ಲೆಯೊಂದರೊಳಗೆ ನುಸುಳಿ ಹೆಣೆದುಕೊಂಡಿವೆ. ಇದು ಗಂಟಿನ ಚಿತ್ರವೆಂದು ಹೇಳಲಾಗದು. ಆದರೂ ಹೆಣಿಗೆಯಲ್ಲಿ ಬಾಂಧವ್ಯವನ್ನೂ ಶಕ್ತಿಯನ್ನೂ ಕಂಡ ಮನಸ್ಸು ಅಲ್ಲಿ ಸ್ಪಷ್ಟವಾಗಿದೆ. ತಾಂಗ್, ಸಾಂಗ್ ಕಾಲಗಳಲ್ಲಿ ಪ್ರೇಮಿಗಳ ಗಂಟು ಕವಿಗಳ ವಸ್ತುವಾಯಿತು.

ನಿಜವಾದ ಸಮೃದ್ಧಿ ಕ್ವಿಂಗ್ ಕಾಲದ್ದು. ಬೀಸಣಿಗೆ, ಚೀಲ, ಸುಗಂಧದ ಬಟ್ಟಲು, ಕೊಳಲು, ಕನ್ನಡಕದ ಕೋಶ, ರೂಯಿ ರಾಜದಂಡ, ಎಲ್ಲಕ್ಕೂ ಗಂಟು, ಗಂಟಿನ ಕೆಳಗೆ ಕುಚ್ಚು. ಆ ಕಾಲದ ಸಿರಿವಂತರ ಮನೆಗಳ ಒಳಗನ್ನು ಸಾವೊ ಶ್ವೆಚಿನ್ ಬರೆದ 'ಕೆಂಪು ಕೋಣೆಯ ಕನಸು' ಕಾದಂಬರಿಯ 35ನೆಯ ಅಧ್ಯಾಯ ತೆರೆದು ತೋರಿಸುತ್ತದೆ. ಯಿಂಗರ್ ಎಂಬ ದಾಸಿ ನಾಯಕ ಬಾವೋಯುವಿಗಾಗಿ ಹುರಿಯ ಬಲೆ ಹೆಣೆಯಲು ಬರುತ್ತಾಳೆ. ಯಾವ ವಸ್ತುವಿಗೆ ಎಂಬುದು ಅವಳ ಮೊದಲ ಪ್ರಶ್ನೆ. ಕೆಂಪು ಸೊಂಟಪಟ್ಟಿಯಾದರೆ ಕಪ್ಪೋ ಕಡುನೀಲಿಯೋ ಒಪ್ಪುತ್ತದೆ ಎನ್ನುತ್ತಾಳೆ. ಹೂವು, ಎಲೆ, ಸರಪಣಿಯ ವಿನ್ಯಾಸಗಳ ಹೆಸರು ಪಟಪಟನೆ ಹೇಳುತ್ತಾಳೆ. ಬಾವೋಯುವಿನ ಜೇಡ್ ಕಲ್ಲಿಗೆ ಬಲೆ ಹೆಣೆಯುವ ಮಾತು ಬಂದಾಗ ಯಿಂಗರ್‌ಳ ಯಜಮಾನಿ ಬಾವೋಚಾಯ್ ಕೆಂಪು ಹೊಂದದು, ಹಳದಿ ಎದ್ದು ಕಾಣದು, ಕಪ್ಪು ಮಂಕು ಎಂದು ತೂಗಿ, ಚಿನ್ನದ ಎಳೆಯನ್ನು ಕಪ್ಪು ಎಳೆಯೊಡನೆ ಹೊಸೆಯಲು ಸೂಚಿಸುತ್ತಾಳೆ. ಕಸುಬಿನ ಕೈಪಿಡಿಯೇ ಇಲ್ಲದ ಕಾಲದಲ್ಲಿ ದಾಸಿಯೊಬ್ಬಳ ಜ್ಞಾನಕ್ಕೆ ಇಷ್ಟು ಗೌರವದಿಂದ ಜಾಗ ಕೊಟ್ಟ ಬರಹ ಅಪರೂಪ.

ಕೆಲಸದ ಬಗೆಯನ್ನೂ ಹೇಳಬೇಕು. ಉದ್ದನೆಯ ಒಂದೇ ಹುರಿಯನ್ನು ನಡುವೆ ಮಡಚಿ, ಗುಂಡುಸೂಜಿ ಚುಚ್ಚಿದ ಹಲಗೆಯ ಮೇಲೆ ಒಂದು ತುದಿಯಿಂದ ಕುಣಿಕೆಗಳನ್ನು ಹಾಸಿ, ಇನ್ನೊಂದು ತುದಿಯನ್ನು ಅವುಗಳ ಮೇಲೂ ಕೆಳಗೂ ನುಗ್ಗಿಸುತ್ತಾರೆ. ಸೂಜಿಯಿಂದ ಬಿಡಿಸಿದಾಗ ಕಾಣುವುದು ಸಡಿಲ ಗೋಜಲು. ಆಮೇಲೆ ಬಿಗಿಯುವ ಕೆಲಸ. ಕಲೆ ಇರುವುದು ಅಲ್ಲೇ. ಮೊದಲು ನಡುಭಾಗ ಬಿಗಿಯಬೇಕು, ಅಂಚಿನ ಕುಣಿಕೆಗಳನ್ನು ಮುಟ್ಟಬಾರದು. ನಂತರ ಉಳಿದ ಸಡಿಲವನ್ನು ಎಳೆಯ ಜಾಡು ಹಿಡಿದು ಇಂಚಿಂಚಾಗಿ ತುದಿಗಳತ್ತ ಸಾಗಿಸಬೇಕು. ಕೊನೆಗೆ ಗಂಟು ಜಾರದಂತೆ ಕಾಣದ ಹೊಲಿಗೆ ಹಾಕುತ್ತಾರೆ. ಒಂದೇ ವಿನ್ಯಾಸವನ್ನು ಇಬ್ಬರು ಹೆಣೆದರೆ ವ್ಯತ್ಯಾಸ ಬರುವುದು ಈ ಬಿಗಿತದಲ್ಲಿ. ಮುಗಿದ ಗಂಟಿಗೆ ಹಿಂದು ಮುಂದು ಒಂದೇ ರೂಪ. ಹೊರಟಲ್ಲಿಗೇ ಮರಳುವ ನಮ್ಮ ಎಳೆ ರಂಗೋಲಿಯಂತೆ ಇಲ್ಲಿಯೂ ಕಣ್ಣು ಒಂದೇ ಗೆರೆಯ ಬೆನ್ನು ಹತ್ತುತ್ತದೆ.

ಅತಿ ಪ್ರಸಿದ್ಧವಾದ ಪಾನ್‌ಚಾಂಗ್ ಗಂಟು ಬೌದ್ಧರ ಅಷ್ಟಮಂಗಳಗಳಲ್ಲಿ ಒಂದಾದ ಕೊನೆಯಿಲ್ಲದ ಗಂಟು. ಭಾರತದ ಶ್ರೀವತ್ಸ ಚಿಹ್ನೆಯೊಡನೆ ಅದರ ನಂಟನ್ನು ಗುರುತಿಸುತ್ತಾರೆ. 1961ರಲ್ಲಿ ಶುರುವಾದ ಬೈಲಕುಪ್ಪೆಯ ಟಿಬೆಟನ್ ವಸತಿಗೆ ಹೋದವರು ಅದರ ಟಿಬೆಟನ್ ರೂಪವನ್ನು ಬಾಗಿಲ ಪರದೆಗಳಲ್ಲಿ ನೋಡಿರುತ್ತಾರೆ.

1911ರ ಕ್ರಾಂತಿಯ ನಂತರ ಉಡುಪು ಬದಲಾಯಿತು, ಗಂಟು ತೂಗುಹಾಕುವ ವಸ್ತುಗಳೇ ಬಳಕೆ ತಪ್ಪಿದವು. ಕೈಯಿಂದ ಕೈಗೆ ದಾಟುತ್ತಿದ್ದ ವಿದ್ಯೆ ಕೆಲವೇ ಹಿರಿಯರಲ್ಲಿ ಉಳಿಯಿತು. ಅದನ್ನು ಉಳಿಸಿಕೊಟ್ಟದ್ದು ತೈವಾನ್. ತೈಪೆಯಲ್ಲಿ 1971ರಲ್ಲಿ ಆರಂಭವಾದ ಎಕೋ ಪತ್ರಿಕೆಯ ಬಳಗ ಜನಪದ ಕಸುಬುಗಳನ್ನು ಹುಡುಕಿ ದಾಖಲಿಸುತ್ತಿತ್ತು. ಆ ಬಳಗ, ಮತ್ತು ಅರಮನೆ ವಸ್ತುಸಂಗ್ರಹಾಲಯದ ಹಳೆಯ ಗಂಟುಗಳನ್ನು ಅಭ್ಯಾಸ ಮಾಡಿದ ಲಿಡಿಯಾ ಚೆನ್ ಸೇರಿ ಈ ವಿದ್ಯೆಗೆ ಕ್ರಮಬದ್ಧ ಪಾಠ ಕಟ್ಟಿದರು. ಚೆನ್ ಅವರ 1981ರ ಪುಸ್ತಕ ಹನ್ನೊಂದು ಮೂಲ ಗಂಟುಗಳನ್ನು ಗುರುತಿಸಿ, ಹಂತ ಹಂತವಾಗಿ ಚಿತ್ರ ಬರೆದು ತೋರಿಸಿತು. 'ಚೀನೀ ಗಂಟು' ಎಂಬ ಒಟ್ಟು ಹೆಸರು ಮನೆಮಾತಾದದ್ದೂ ಆ ಹೊತ್ತಿನಲ್ಲೇ. ಇಂದು ಸಾವಿರಾರು ವರ್ಷಗಳ ಪರಂಪರೆ ಎಂದು ನಾವು ನೋಡುವ ರೂಪ, ನನ್ನ ಮಟ್ಟಿಗೆ, ಅರ್ಧದಷ್ಟು ಆ ಪುಸ್ತಕದ ಕೊಡುಗೆ. ಅದರಿಂದ ಪರಂಪರೆಯ ಬೆಲೆ ಕುಗ್ಗುವುದಿಲ್ಲ. ಬರೆದಿಟ್ಟವರ ಋಣ ದೊಡ್ಡದು.

ಮುಂದೆ ಈ ರೂಪ ಚೀನಾದ ಮುಖ್ಯಭೂಮಿಯಲ್ಲೂ ರಾಷ್ಟ್ರದ ಗುರುತಾಯಿತು. ಚೈನಾ ಯುನಿಕಾಂ ದೂರವಾಣಿ ಸಂಸ್ಥೆಯ ಲಾಂಛನ ಪಾನ್‌ಚಾಂಗ್. ಬೀಜಿಂಗ್ ಒಲಿಂಪಿಕ್ಸ್‌ಗೆ ಹಕ್ಕು ಕೇಳುವಾಗ ಬಳಸಿದ ಲಾಂಛನದ ಐದು ವರ್ತುಲಗಳು ಗಂಟಿನಂತೆ ಹೆಣೆದುಕೊಂಡಿದ್ದವು. 2001ರ ಶಾಂಘೈ ಏಪೆಕ್ ಸಭೆಯಲ್ಲಿ ವಿಶ್ವನಾಯಕರು ಗಂಟುಗುಂಡಿಯ ರೇಷ್ಮೆ ಅಂಗಿ ತೊಟ್ಟು ನಿಂತರು. ಚಾಂಗ್‌ಶಾದಲ್ಲಿ 2016ರಲ್ಲಿ ಮುಗಿದ 185 ಮೀಟರ್ ಉದ್ದದ ಕೆಂಪು ಪಾದಚಾರಿ ಸೇತುವೆಗೂ ಗಂಟೇ ಪ್ರೇರಣೆ.

ಈ ಹರಡುವಿಕೆಯಲ್ಲಿ ಕಳೆದುಹೋದದ್ದು ಬಣ್ಣ ಎಂದು ನನಗನಿಸುತ್ತದೆ. ಹೊಸ ವರ್ಷದ ಸಂತೆಗಳಲ್ಲಿ ರಾಶಿ ಬೀಳುವ ನೈಲಾನ್ ಗಂಟುಗಳೆಲ್ಲ ಕೆಂಪು, ಹೆಚ್ಚೆಂದರೆ ಒಂದಿಷ್ಟು ಚಿನ್ನದ ಬಣ್ಣ. ಯಾವ ವಸ್ತುವಿಗೆ ಎಂಬ ಯಿಂಗರ್‌ಳ ಪ್ರಶ್ನೆಯನ್ನು ಈಗ ಕೇಳುವವರು ಬಿಡಿಯಾಗಿ ಹೆಣೆದು ಮಾರುವ ಸಣ್ಣ ಕುಶಲಕರ್ಮಿಗಳು. ಅವರು ಕೊಳ್ಳುವವರ ಅಂಗಿಯನ್ನೋ ಕಲ್ಲನ್ನೋ ನೋಡಿ ಹುರಿ ಆರಿಸುತ್ತಾರೆ.