ಆರು ಹಳ್ಳಿಗಳು, ಒಂದು ಸರಕಾರ



ನಿಮ್ಮ ಕಿಸೆಯಲ್ಲಿ ನೂರು ರೂಪಾಯಿಯ ನೋಟು ಇದ್ದರೆ ಒಮ್ಮೆ ಹೊರತೆಗೆದು ಹಿಂಬದಿಯನ್ನು ನೋಡಿ. ಸಣ್ಣ ಅಕ್ಷರಗಳಲ್ಲಿ ಹದಿನೈದು ಭಾಷೆಗಳ ಸಾಲುಗಳಿವೆ. ಮೇಲಿನಿಂದ ನಾಲ್ಕನೆಯದು ಕನ್ನಡ, ಏಳನೆಯದು ಮಲಯಾಳ. ಎರಡರ ಬೆಲೆಯೂ ಒಂದೇ. ನಮ್ಮ ಕಾಸರಗೋಡಿನ ಅನೇಕ ಮನೆಗಳಲ್ಲಿ ಕೇಳಿಬರುವ ತುಳುವಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಬಹಳ ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಇಂಥ ನೋಟುಗಳನ್ನು ಎಣಿಸಿದವನು ನಾನು. ನೋಟು ಕಂಡರೆ ಅದರ ಹಿಂದಿರುವ ದೇಶವನ್ನು ತಿಳಿಯಬೇಕೆಂಬ ಚಟ ಆಗಲೇ ಹತ್ತಿತು. ಇಂದು ಹೇಳಹೊರಟಿರುವುದು ಬೆಲ್ಜಿಯಂ ಎಂಬ ಪುಟ್ಟ ದೇಶದ ಕತೆ. ಯೂರೋ ಬರುವ ಮೊದಲು ಆ ದೇಶದ ಫ್ರಾಂಕ್ ನೋಟಿನ ಮೇಲೂ ಒಂದಕ್ಕಿಂತ ಹೆಚ್ಚು ಭಾಷೆಗಳಿದ್ದವು.

ಬೆಲ್ಜಿಯಂ ಸ್ವತಂತ್ರವಾದದ್ದು 1830ರಲ್ಲಿ, ನೆದರ್ಲೆಂಡ್ಸಿನ ಕೈಯಿಂದ ಬಿಡಿಸಿಕೊಂಡು. ಉತ್ತರದ ಫ್ಲಾಂಡರ್ಸಿನಲ್ಲಿ ಡಚ್ ಮಾತು, ದಕ್ಷಿಣದ ವಲೋನಿಯದಲ್ಲಿ ಫ್ರೆಂಚ್. ಆದರೆ ಕಚೇರಿ, ಕೋರ್ಟು, ಸೈನ್ಯ, ಕಾಲೇಜು ಎಲ್ಲೆಡೆಯೂ ಫ್ರೆಂಚಿನದೇ ಕಾರುಬಾರು. ಕಲ್ಲಿದ್ದಲು, ಉಕ್ಕು ದಕ್ಷಿಣದಲ್ಲಿತ್ತು, ದುಡ್ಡೂ ಅಲ್ಲಿಯೇ ಇತ್ತು. ಉತ್ತರದ ರೈತನ ಮಗ ದೊಡ್ಡ ಮನುಷ್ಯನಾಗಬೇಕಿದ್ದರೆ ಮನೆಯ ಮಾತನ್ನು ಹೊಸ್ತಿಲ ಒಳಗೇ ಬಿಟ್ಟು ಹೋಗಬೇಕಾಗಿತ್ತು. ಡಚ್ಚಿನಲ್ಲಿ ಬರೆದ ಕಾಯಿದೆಗೂ ಫ್ರೆಂಚಿನಷ್ಟೇ ಬೆಲೆ ಎಂದು ಒಪ್ಪಿಕೊಳ್ಳಲು 1898ರವರೆಗೆ ಕಾಯಬೇಕಾಯಿತು. ಗೆಂಟ್ ನಗರದ ವಿಶ್ವವಿದ್ಯಾಲಯ ಡಚ್ ಭಾಷೆಗೆ ಬಂದದ್ದು 1930ರಲ್ಲಿ, ಅಂದರೆ ದೇಶ ಹುಟ್ಟಿ ನೂರು ವರ್ಷವಾದ ಮೇಲೆ.

ಈ ದೇಶಕ್ಕೆ ಹೊರಗೆ ಇನ್ನೊಂದು ಮುಖವಿತ್ತು. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ತನ್ನ ಮನೆಯಲ್ಲಿ ಭಾಷೆಗಾಗಿ ನ್ಯಾಯ ಕೇಳುತ್ತಿದ್ದ ನಾಡು ಆಫ್ರಿಕದ ಕಾಂಗೋವನ್ನು ಹಿಂಡಿತು. 1885ರಿಂದ 1908ರವರೆಗೆ ಅದು ದೊರೆ ಎರಡನೆಯ ಲಿಯೋಪೋಲ್ಡನ ಸ್ವಂತ ಆಸ್ತಿ. ರಬ್ಬರಿಗಾಗಿ ಅಲ್ಲಿ ನಡೆದ ಕ್ರೌರ್ಯ ಲೋಕವೇ ಹೇಸುವಂಥದು. 1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾಯಿತು, ಮರುವರ್ಷದ ಜನವರಿಯಲ್ಲಿ ಪ್ರಧಾನಿ ಲುಮುಂಬಾ ಕೊಲೆಯಾದರು. ಅಲ್ಲಿ ಶಾಂತಿ ಕಾಯಲು ಹೋದ ವಿಶ್ವಸಂಸ್ಥೆಯ ಪಡೆಯಲ್ಲಿ ನಮ್ಮ ಸೈನಿಕರೂ ಇದ್ದರು. ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ 1961ರ ಡಿಸೆಂಬರಿನಲ್ಲಿ ಅಲ್ಲಿಯೇ ಮಡಿದು ಪರಮವೀರ ಚಕ್ರ ಪಡೆದರು.

ಇನ್ನು ನಿಮಗೂ ನನಗೂ ಬೇಕಾದ ಸಂಗತಿಗೆ ಬರುತ್ತೇನೆ. ಅದು ಜನಗಣತಿಯ ಸಂಗತಿ.

1932ರ ಕಾಯಿದೆಯಂತೆ ಗಡಿಯ ಒಂದು ಊರಿನ ಆಡಳಿತ ಭಾಷೆ ಯಾವುದೆಂದು ತೀರ್ಮಾನಿಸುತ್ತಿದ್ದದ್ದು ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿ. ಅಲ್ಪಸಂಖ್ಯಾತರು ನೂರಕ್ಕೆ ಮೂವತ್ತು ಇದ್ದರೆ ಅವರ ಭಾಷೆಯಲ್ಲೂ ಕಾಗದಪತ್ರ ಕೊಡಬೇಕು. ನಮ್ಮ ರಾಜ್ಯ ಪುನರ್ವಿಂಗಡಣಾ ಆಯೋಗವೂ 1955ರಲ್ಲಿ ಇಂಥದೇ ಎಪ್ಪತ್ತು–ಮೂವತ್ತರ ಲೆಕ್ಕ ಹೇಳಿತ್ತು. ಕಾಗದದ ಮೇಲೆ ಇದು ಚಂದದ ಲೆಕ್ಕವೇ. ಆದರೆ ಗಣತಿದಾರ ಬಾಗಿಲಿಗೆ ಬಂದಾಗ ನೀವು ಕೊಡುವ ಉತ್ತರ ನಿಮ್ಮ ಊರಿನ ಜಾತಕವನ್ನೇ ಬರೆಯುತ್ತದೆ ಎಂದಾದರೆ, ಉತ್ತರ ಕೊಡುವವನ ಮನಸ್ಸು ಸುಮ್ಮನಿರುತ್ತದೆಯೇ?

ಬೆಲ್ಜಿಯಂನ ಪೂರ್ವದ ಅಂಚಿನಲ್ಲಿ, ನೆದರ್ಲೆಂಡ್ಸಿನ ಗಡಿಗೆ ತಾಗಿಕೊಂಡು, ಫೂರನ್ ಎಂಬ ಹೆಸರಿನ ಆರು ಹಳ್ಳಿಗಳಿವೆ. ಜನ ಒಟ್ಟು ಸುಮಾರು ನಾಲ್ಕು ಸಾವಿರ. ನಮ್ಮ ಒಂದು ಪಂಚಾಯತಿನಷ್ಟೂ ಅಲ್ಲ. ಮನೆಯಲ್ಲಿ ಆಡುವುದು ಡಚ್ಚಿಗೆ ಹತ್ತಿರದ ಒಂದು ಆಡುಮಾತು. ಕೂಲಿ, ನೌಕರಿ, ಸಂತೆ ಎಂದರೆ ಲಿಯೇಜ್ ನಗರ, ಅಲ್ಲಿ ಫ್ರೆಂಚ್. ಮನೆಗೆ ತುಳು, ಶಾಲೆಗೆ ಕನ್ನಡ, ತಾಲೂಕು ಕಚೇರಿಗೆ ಮಲಯಾಳ ಎಂದು ನಾವು ದಿನಕ್ಕೆ ಮೂರು ಅಂಗಿ ಬದಲಿಸುವವರು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1930ರ ಗಣತಿಯಲ್ಲಿ ಈ ಹಳ್ಳಿಗಳ ನೂರಕ್ಕೆ ಎಂಬತ್ತು ಮಂದಿ ಡಚ್ ಎಂದರು. 1947ರಲ್ಲಿ, ಜರ್ಮನರ ಆಕ್ರಮಣದ ಗಾಯ ಆರುವ ಮೊದಲೇ, ಅರ್ಧಕ್ಕಿಂತ ಹೆಚ್ಚು ಮಂದಿ ಫ್ರೆಂಚ್ ಎಂದರು. ಹದಿನೇಳು ವರ್ಷದಲ್ಲಿ ಅಷ್ಟು ನಾಲಗೆಗಳು ತಿರುಗಿಬಿಟ್ಟವೇ? ನನಗೆ ನಂಬಿಕೆಯಿಲ್ಲ. ಅಮ್ಮನ ಮಾತು ಅದೇ ಇತ್ತು, ಯಾವ ಕಡೆ ನಿಲ್ಲಬೇಕೆಂಬ ಲೆಕ್ಕಾಚಾರ ಬದಲಾಗಿತ್ತು ಅಷ್ಟೆ. ಗಣತಿಯ ಬಗ್ಗೆ ದೇಶದಲ್ಲೆಲ್ಲ ಎಂಥ ತಕರಾರು ಎದ್ದಿತೆಂದರೆ, ಭಾಷೆಯ ಅಂಕೆಗಳನ್ನು ಪ್ರಕಟಿಸಲು 1954 ಬರಬೇಕಾಯಿತು. 1961ರಲ್ಲಿ ಭಾಷೆಯ ಪ್ರಶ್ನೆಯನ್ನೇ ಗಣತಿಯಿಂದ ಕಿತ್ತುಹಾಕಿದರು.

ಕೇಳುವುದನ್ನು ನಿಲ್ಲಿಸಿದ ಮೇಲೆ ಗೆರೆ ಎಳೆಯಲೇಬೇಕಲ್ಲ. 1962ರಲ್ಲಿ ಸಂಸತ್ತು ಭಾಷಾ ಗಡಿಯನ್ನು ಶಾಶ್ವತವಾಗಿ ಗೊತ್ತುಮಾಡಿತು. 1963ರ ಸೆಪ್ಟೆಂಬರ್ 1ರಿಂದ ಫೂರನ್ನಿನ ಆರೂ ಹಳ್ಳಿಗಳು ಲಿಯೇಜ್ ಪ್ರಾಂತದಿಂದ ಕಳಚಿ ಡಚ್ ಭಾಷೆಯ ಲಿಂಬರ್ಗ್ ಪ್ರಾಂತಕ್ಕೆ ಸೇರಿದವು. ಪಶ್ಚಿಮದ ಅಂಚಿನಲ್ಲಿ ಮುಸ್ಕ್ರೋನ್, ಕೊಮಿನ್ ಎಂಬ ಊರುಗಳು ಫ್ರೆಂಚ್ ಕಡೆಗೆ ಬಂದವು. ರಾಜಧಾನಿಯಲ್ಲಿ ಕುಳಿತವರಿಗೆ ಇದು ಕೊಡು–ಕೊಳ್ಳುವ ವ್ಯವಹಾರ. ಫೂರನ್ನಿನ ಜನರಲ್ಲಿ ಹೆಚ್ಚಿನವರಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ. 1956ರ ನವೆಂಬರ್ 1ರಂದು ಇಲ್ಲಿಯ ಮನೆಗಳಲ್ಲಿ ಏನು ಮಾತಾಡಿಕೊಂಡರೆಂದು ನಿಮ್ಮ ಹಿರಿಯರು ಹೇಳಿರಬಹುದು. ನಾನು ಹುಟ್ಟುವ ಮೊದಲಿನ ಮಾತು ಅದು, ಆದರೂ ತಂದೆಯ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಅಕ್ಕಲಕೋಟೆ, ತಾಳವಾಡಿ, ಮಡಕಶಿರದ ಬಂಧುಗಳಿಗೂ ತಮ್ಮ ತಮ್ಮ ಕತೆ ಇದ್ದೇ ಇದೆ.

ಮುಂದಿನ ಮೂವತ್ತು ವರ್ಷ ಫೂರನ್ನಿನಲ್ಲಿ ಜಗಳ. ಹಗಲು ಹಾಕಿದ ಊರ ಹೆಸರಿನ ಫಲಕಕ್ಕೆ ರಾತ್ರಿ ಬಣ್ಣ ಬಳಿಯುವುದು, ಬೀದಿಯಲ್ಲಿ ಹೊಡೆದಾಟ. ಜೋಸೆ ಹಪ್ಪಾರ್ ಎಂಬ ಕೃಷಿಕ 1983ರಲ್ಲಿ ಊರಿನ ಮುಖ್ಯಸ್ಥನಾದ. ಲಿಯೇಜಿಗೆ ಮರಳಬೇಕೆಂಬ ಗುಂಪಿನವನು. ಡಚ್ ಭಾಷೆಯ ಪರೀಕ್ಷೆಗೆ ಕುಳಿತುಕೊಳ್ಳಲು ಆತ ಒಪ್ಪಲಿಲ್ಲ. 1986ರಲ್ಲಿ ಅಲ್ಲಿಯ ಉನ್ನತ ಆಡಳಿತ ನ್ಯಾಯಮಂಡಳಿ ಆತನ ನೇಮಕವನ್ನು ರದ್ದುಪಡಿಸಿತು. ಈ ಗಲಾಟೆಯಲ್ಲಿಯೇ 1987ರ ಅಕ್ಟೋಬರಿನಲ್ಲಿ ಪ್ರಧಾನಿ ವಿಲ್ಫ್ರೀಡ್ ಮಾರ್ಟೆನ್ಸರ ಸರಕಾರ ಬಿದ್ದಿತು. ನಾಲ್ಕು ಸಾವಿರ ಜನರ ಊರಿನ ಜಗಳ ಒಂದು ಕೋಟಿ ಜನರ ದೇಶದ ಸರಕಾರವನ್ನು ಉರುಳಿಸಿತು! ಗಡಿಯ ಹಳ್ಳಿಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದು ನಾವು ಗೊಣಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಲೂವೆನ್ ವಿಶ್ವವಿದ್ಯಾಲಯದ ಕತೆ ಇನ್ನೂ ವಿಚಿತ್ರ. 1968ರಲ್ಲಿ ಅದು ಭಾಷೆಯ ಮೇಲೆ ಒಡೆಯಿತು, ಅದಕ್ಕೂ ಒಂದು ಸರಕಾರ ಬಲಿಯಾಯಿತು. ಗ್ರಂಥಾಲಯ ಪಾಲುಮಾಡುವಾಗ ಬೆಸ ಸಂಖ್ಯೆಯ ಪುಸ್ತಕ ಒಬ್ಬರಿಗೆ, ಸಮ ಸಂಖ್ಯೆಯದು ಇನ್ನೊಬ್ಬರಿಗೆ ಎಂದು ಹಂಚಿಕೊಂಡರಂತೆ. ಅಣ್ಣತಮ್ಮಂದಿರ ಪಾಲಿನಲ್ಲಿ ಅಕ್ಕಿ ಮುಡಿ ಹಂಚುವಾಗಲೂ ನಾನು ಇಂಥದ್ದನ್ನು ಕಂಡಿಲ್ಲ.

ಹಾಗೆಂದು ದೇಶ ಕುಸಿಯಿತೇ? ಇಲ್ಲ. 1993ರಲ್ಲಿ ಸಂಯುಕ್ತ ರಾಜ್ಯವೆಂದು ಸಂವಿಧಾನದಲ್ಲಿ ಬರೆದುಕೊಂಡಿತು. 1920ರಲ್ಲಿ ಜರ್ಮನಿಯಿಂದ ಬಂದ ಪ್ರದೇಶದ, ಒಂದು ಲಕ್ಷವೂ ಇಲ್ಲದ ಜರ್ಮನ್ ಭಾಷಿಕರಿಗೂ ಸ್ವಂತ ಶಾಸನಸಭೆಯಿದೆ. ನೇಟೋ ಒಕ್ಕೂಟದ ಮುಖ್ಯ ಕಚೇರಿ 1967ರಿಂದ ಬ್ರಸೆಲ್ಸಿನಲ್ಲಿದೆ, ಐರೋಪ್ಯ ಒಕ್ಕೂಟದ ಮುಖ್ಯ ಕಾರುಬಾರೂ ಅಲ್ಲಿಯೇ. 2010ರ ಚುನಾವಣೆಯ ಬಳಿಕ 541 ದಿನ ಪೂರ್ಣ ಸರಕಾರವೇ ಇರಲಿಲ್ಲ, ಆದರೂ ಸಂಬಳ, ಪಿಂಚಣಿ ತಪ್ಪಲಿಲ್ಲ. 2016ರಲ್ಲಿ ಕೆನಡಾ ಜೊತೆಗಿನ ಯೂರೋಪಿನ ದೊಡ್ಡ ವ್ಯಾಪಾರ ಒಪ್ಪಂದವನ್ನು ವಲೋನಿಯದ ಪ್ರಾದೇಶಿಕ ಶಾಸನಸಭೆ ಕೆಲವು ವಾರ ತಡೆದು ನಿಲ್ಲಿಸಿತು. ಇಷ್ಟು ವರ್ಷಗಳ ಭಾಷಾ ಜಗಳದಲ್ಲಿ ರಕ್ತ ಹರಿದದ್ದೂ ಬಲು ಕಡಿಮೆ. ಇದು ಆ ಜನರ ದೊಡ್ಡತನವೆಂದೇ ನಾನು ತಿಳಿದಿದ್ದೇನೆ.

ಫೂರನ್ನಿನಲ್ಲಿ 2000ದ ಸ್ಥಳೀಯ ಚುನಾವಣೆಯಲ್ಲಿ ಡಚ್ ಪರ ಗುಂಪು ಗೆದ್ದಿತು. ಗಡಿ ದಾಟಿ ಬಂದು ನೆಲೆಸಿದ ನೆದರ್ಲೆಂಡ್ಸಿನವರಿಗೂ ಐರೋಪ್ಯ ನಾಗರಿಕರೆಂದು ಆ ಸಲ ಮತವಿತ್ತು. ಫ್ರೆಂಚರಿಗೆ ಕಾಗದಪತ್ರಗಳನ್ನು ಅವರ ಭಾಷೆಯಲ್ಲಿ ಪಡೆಯುವ ಸವಲತ್ತು ಉಳಿದಿದೆ. ಆದರೆ 1997ರಲ್ಲಿ ಫ್ಲಾಂಡರ್ಸ್ ಸರಕಾರ ಒಂದು ಸುತ್ತೋಲೆ ಹೊರಡಿಸಿತು. ಒಮ್ಮೆ ಕೇಳಿದರೆ ಸಾಲದು, ಪ್ರತಿ ಸಲವೂ ಹೊಸದಾಗಿ ಕೇಳಬೇಕು.

ಆ ಸುತ್ತೋಲೆಯ ವಿಷಯ ಓದಿದಾಗ ನನ್ನ ಕೌಂಟರಿಗೆ ಬರುತ್ತಿದ್ದ ಒಬ್ಬ ಅಜ್ಜಿಯ ನೆನಪಾಯಿತು. ತಿಂಗಳಿಗೊಮ್ಮೆ ವಿಧವಾ ಪಿಂಚಣಿ ತೆಗೆಯಲು ಬರುತ್ತಿದ್ದರು. ರುಜು ಕನ್ನಡದಲ್ಲಿ, ಗುಂಡಗಿನ ಅಕ್ಷರ. "ಕನ್ನಡದ ಫಾರಂ ಉಂಟಾ ಮಗಾ?" ಎಂದು ಕೇಳುವರು. "ಮುಗಿದಿದೆ ಅಜ್ಜೀ, ಬರಲಿಲ್ಲ" ಎನ್ನುವೆನು. ಮಲಯಾಳದ್ದನ್ನೇ ತೆಗೆದುಕೊಂಡು, ನನ್ನಿಂದ ತುಂಬಿಸಿಕೊಂಡು, ಕನ್ನಡದಲ್ಲಿ ರುಜು ಹಾಕಿ ಹೋಗುವರು. ಮುಂದಿನ ತಿಂಗಳು ಬಂದು ಮತ್ತೆ ಅದನ್ನೇ ಕೇಳುವರು. ಮೇಲಿನವರಿಗೆ ಬರೆದು ಫಾರಂ ತರಿಸಲು ನನಗೆ ಎರಡು ವರ್ಷ ಹಿಡಿಯಿತು. ಕಟ್ಟು ಬಂದ ದಿನ ಮೊದಲ ಹಾಳೆಯನ್ನು ಅವರಿಗೆಂದು ಎತ್ತಿಟ್ಟೆ.